ವಾಂತಿಯ ಗುಳಿಗೆ ಮತ್ತು ವಿಮೆಯ ಮಿತಿ: ಓದುಗರ ಪ್ರಶ್ನೆಗಳಿಗೆ ಫಾರ್ಮಾಸಿಸ್ಟರ ಉತ್ತರ

ಪ್ರಶ್ನೆ: ನಮ್ಮ ಅವ್ವನಿಗೆ 58 ವರ್ಷ. ಸ್ತನದ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ 21 ದಿನಗಳಿಗೊಮ್ಮೆ ಕಿಮೋ ಕೊಡಿಸುತ್ತಿದ್ದೇವೆ. ಕೆಂಪು ಔಷಧಿಯ ಎರಡು ಸುತ್ತು ಮುಗಿದಿವೆ, ಇನ್ನೆರಡು ಉಳಿದಿವೆ, ಆಮೇಲೆ ಬೇರೆ ಔಷಧಿ ಕೊಡುವುದಾಗಿ ಹೇಳಿದ್ದಾರೆ. ಮೂರು ಲಕ್ಷ ರೂಪಾಯಿಯ ಆರೋಗ್ಯ ಸಂಜೀವನಿ ಪಾಲಿಸಿ ಇದೆ. ಬೆಳಿಗ್ಗೆ ಸೇರಿಸಿ ಸಂಜೆ ಮನೆಗೆ ಕರೆತರುವ ಆ ಒಂದು ದಿನದ ಬಿಲ್ಲನ್ನು ವಿಮೆಯವರು ನೇರವಾಗಿ ಆಸ್ಪತ್ರೆಗೆ ಕಟ್ಟುತ್ತಾರೆ. ಆದರೆ ಮನೆಗೆ ಬರೆದುಕೊಡುವ ವಾಂತಿಯ ಗುಳಿಗೆಗಳಿಗೆ ವಿಮೆ ಬರುವುದಿಲ್ಲ, ನೀವೇ ಕೊಳ್ಳಬೇಕು ಎಂದು ಆಸ್ಪತ್ರೆಯ ವಿಮಾ ವಿಭಾಗದವರು ಹೇಳಿದರು. ಮೂರೇ ಗುಳಿಗೆಗಳಿದ್ದ ಒಂದು ಪೊಟ್ಟಣಕ್ಕೆ ಬಹಳ ಹಣ ಹೋಯಿತೆಂದು ಎರಡನೆಯ ಸುತ್ತಿನಲ್ಲಿ ಅದನ್ನು ಕೊಳ್ಳದೆ ಬಿಟ್ಟೆವು. ಓಲಾಂಜಪಿನ್ ಎಂಬ ಇನ್ನೊಂದು ಗುಳಿಗೆಯನ್ನು ಕೊಡುವಾಗ ಅಂಗಡಿಯವರು ‘ಇದು ತಲಿ ಕೆಟ್ಟೋರಿಗೆ ಕೊಡೋ ಗುಳಿಗಿ ಐತಿ’ ಎಂದದ್ದರಿಂದ ಅವ್ವ ಅದನ್ನು ಮುಟ್ಟಲೇ ಇಲ್ಲ. ನಾಲ್ಕು ದಿನ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದೆ, ಕೊನೆಗೆ ಸಲೈನ್ ಹಾಕಿಸಲು ಮತ್ತೆ ಸೇರಿಸಬೇಕಾಯಿತು. ಅವ್ವನಿಗೆ ಸಕ್ಕರೆ ಕಾಯಿಲೆಯೂ ಇದೆ. ನಮ್ಮ ಬಳಿ ಬಿಪಿಎಲ್ ಪಡಿತರ ಚೀಟಿ ಇದೆ, ಅದನ್ನು ಇದುವರೆಗೆ ಎಲ್ಲಿಯೂ ತೋರಿಸಿಲ್ಲ. ಮುಂದಿನ ಸುತ್ತಿಗೆ ಹತ್ತು ದಿನಗಳಿವೆ. ಏನು ಮಾಡಬೇಕೆಂದು ತಿಳಿಸಿ.

ಓದುಗರೊಬ್ಬರು, ಆಳಂದ ತಾಲ್ಲೂಕು (ಹೆಸರು ಬೇಡವೆಂದಿದ್ದಾರೆ)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ವಿಮೆಯವರು ಕೊಡುವುದಿಲ್ಲ ಎಂಬುದು ನಿಜವೇ ಎನ್ನುವುದು ಒಂದು. ಅವರು ಕೊಡಲಿ ಬಿಡಲಿ, ಕಡಿಮೆ ಖರ್ಚಿನಲ್ಲಿ ವಾಂತಿಯನ್ನು ತಡೆಯಬಹುದೇ ಎನ್ನುವುದು ಇನ್ನೊಂದು. ಮೊದಲನೆಯದು ಅರ್ಧ ಮಾತ್ರ ನಿಜ. ಎರಡನೆಯದಕ್ಕೆ ನನ್ನ ಉತ್ತರ ಹೌದು, ಮತ್ತು ನಿಮ್ಮ ತಾಯಿ ಮುಟ್ಟದೆ ಇಟ್ಟಿರುವ ಆ ಅಗ್ಗದ ಗುಳಿಗೆಯೇ ಅದರಲ್ಲಿ ಮುಖ್ಯವಾದದ್ದು.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ಕುಳಿತ ಅಷ್ಟೂ ವರ್ಷಗಳಲ್ಲಿ ನಾನು ಹೆಚ್ಚು ಸಲ ಕೇಳಿದ ಮಾತು ‘ಇದರಾಗ ಬೇಕಾದವು ಅಷ್ಟೇ ಕೊಡ್ರಿ’ ಎಂಬುದು. ಕಿಮೋದ ಚೀಟಿಯಲ್ಲಿ ಕ್ಯಾನ್ಸರಿನ ಔಷಧಿ ಬೇಕಾದದ್ದು, ವಾಂತಿಯ ಗುಳಿಗೆ ಬೇಡವಾದದ್ದು ಎಂದು ಜನ ತಾವೇ ವಿಂಗಡಿಸಿಕೊಳ್ಳುತ್ತಾರೆ. ವಾಂತಿ ಬಂದರೆ ಆಮೇಲೆ ನೋಡೋಣ ಎಂಬುದು ಅವರ ಲೆಕ್ಕ. ಜಾತ್ರೆಯ ಊಟ ಹೆಚ್ಚಾಗಿ ಬರುವ ವಾಂತಿಗೆ ಆ ಲೆಕ್ಕ ಸರಿ, ಕಿಮೋದ ವಾಂತಿಗೆ ಸರಿಯಲ್ಲ. ಕಿಮೋದ ಮೊದಲ ದಿನದ ವಾಂತಿಗೆ ಕರುಳಿನಿಂದ ಹೊರಬೀಳುವ ಸೆರೊಟೋನಿನ್ ಮುಖ್ಯ ಕಾರಣವಾದರೆ, 24 ಗಂಟೆ ಕಳೆದ ಮೇಲೆ ಶುರುವಾಗಿ ಐದನೆಯ ದಿನದವರೆಗೂ ಕಾಡುವ ವಾಂತಿಯಲ್ಲಿ ಸಬ್‌ಸ್ಟೆನ್ಸ್ ಪಿ ಎಂಬ ಬೇರೊಂದು ವಸ್ತುವಿನ ಪಾತ್ರ ಹೆಚ್ಚು. ಹೀಗಾಗಿಯೇ ವೈದ್ಯರು ಮೂರು ನಾಲ್ಕು ಬಗೆಯ ಔಷಧಿಗಳನ್ನು ಒಟ್ಟಿಗೆ ಬರೆಯುತ್ತಾರೆ. ವಾಂತಿ ಒಮ್ಮೆ ಹಿಡಿದ ಮೇಲೆ ನುಂಗಿದ ಗುಳಿಗೆಯೂ ಹೊರಗೆ ಬರುವುದರಿಂದ ಅವು ಮುಂಚಿತವಾಗಿಯೇ ಹೊಟ್ಟೆ ಸೇರಬೇಕು. ಒಂದು ಸುತ್ತು ಕೆಟ್ಟರೆ ಇನ್ನೊಂದು ತೊಂದರೆಯೂ ಇದೆ. ಮುಂದಿನ ಸಲ ಆಸ್ಪತ್ರೆಯ ವಾಸನೆ ಮೂಗಿಗೆ ಬಡಿದ ಕೂಡಲೇ, ಸೂಜಿ ಚುಚ್ಚುವ ಮೊದಲೇ, ಕೆಲವರಿಗೆ ಓಕರಿಕೆ ಬರುತ್ತದೆ. ನಿಮ್ಮ ತಾಯಿಗೆ ಹಾಗೆ ಆಗುತ್ತಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ, ಅದಕ್ಕೆ ಬೇರೆಯೇ ಗುಳಿಗೆ ಇದೆ.

ಇನ್ನು ವಿಮೆ. ಆಸ್ಪತ್ರೆಯ ವಿಮಾ ವಿಭಾಗದವರು ಹೇಳಿದ್ದು ನಗದುರಹಿತ ವ್ಯವಸ್ಥೆಗೆ ಸಂಬಂಧಿಸಿದ ಮಾತು. ಆಸ್ಪತ್ರೆಯ ಆ ದಿನದ ಬಿಲ್ಲಿನೊಳಗೆ ಸೇರದ ಔಷಧಿಗೆ ವಿಮಾ ಕಂಪನಿ ನೇರವಾಗಿ ಹಣ ಕಟ್ಟುವುದಿಲ್ಲ ಎಂಬುದಷ್ಟೇ ಅದರ ಅರ್ಥ. ನಿಮ್ಮಲ್ಲಿರುವ ಆರೋಗ್ಯ ಸಂಜೀವನಿ ಪಾಲಿಸಿಯು ವಿಮಾ ನಿಯಂತ್ರಣ ಪ್ರಾಧಿಕಾರವು 2020ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಒಂದೇ ರೀತಿಯ ಷರತ್ತುಗಳೊಡನೆ ಮಾರುವಂತೆ ಮಾಡಿದ ಪಾಲಿಸಿ. ಅದರಲ್ಲಿ ಆಸ್ಪತ್ರೆಗೆ ಸೇರುವ ಮೊದಲಿನ 30 ದಿನಗಳ ಮತ್ತು ಬಿಡುಗಡೆಯಾದ ನಂತರದ 60 ದಿನಗಳ ಖರ್ಚು, ಅದೇ ಕಾಯಿಲೆಗೆ ಸಂಬಂಧಿಸಿದ್ದಾಗಿದ್ದರೆ, ಸೇರಿಯೇ ಇದೆ. ಒಂದು ದಿನದ ಕಿಮೋ ಕೂಡ ಡೇ ಕೇರ್ ಚಿಕಿತ್ಸೆಯಾಗಿ ಪಾಲಿಸಿಯೊಳಗೆ ಬರುತ್ತದೆ. ಅಂದರೆ 21 ದಿನಗಳಿಗೊಮ್ಮೆ ಕಿಮೋ ನಡೆಯುವಾಗ ಎರಡು ಸುತ್ತುಗಳ ನಡುವೆ ವೈದ್ಯರು ಬರೆದ ವಾಂತಿಯ ಗುಳಿಗೆಯ ಯಾವ ಬಿಲ್ಲೂ ಈ 60 ದಿನಗಳ ಆಚೆ ಬೀಳುವುದಿಲ್ಲ. ಆ ಹಣವನ್ನು ನೀವು ಮೊದಲು ಕೈಯಿಂದ ಕೊಟ್ಟು, ನಂತರ ಕ್ಲೇಮ್ ಅರ್ಜಿ ಹಾಕಿ ಮರಳಿ ಪಡೆಯಬೇಕು. ಈ ಪಾಲಿಸಿಯಲ್ಲಿ ಪ್ರತಿ ಕ್ಲೇಮಿನ ಶೇಕಡಾ 5ರಷ್ಟನ್ನು ನೀವೇ ಭರಿಸಬೇಕೆಂಬ ಷರತ್ತಿದೆ, ಉಳಿದದ್ದು ಬರಬೇಕು.

ಬರಬೇಕೆಂದರೆ ಕಾಗದ ಸರಿಯಿರಬೇಕು. ನಾನು ಕಂಡ ತಿರಸ್ಕೃತ ಕ್ಲೇಮುಗಳಲ್ಲಿ ಬಹಳಷ್ಟು ಕೆಟ್ಟದ್ದು ಔಷಧಿ ಅಂಗಡಿಯ ಕಟ್ಟೆಯ ಮೇಲೆಯೇ. ಬಿಲ್ಲು ಕೇಳದೆ ಗುಳಿಗೆ ತಂದವರು, ಬಿಲ್ಲಿನ ಮೇಲೆ ರೋಗಿಯ ಬದಲು ತಮ್ಮ ಹೆಸರು ಬರೆಸಿಕೊಂಡವರು, ಮೂಲ ಚೀಟಿಯನ್ನು ಅಂಗಡಿಯಲ್ಲೇ ಬಿಟ್ಟು ಬಂದವರು ಆಮೇಲೆ ವಿಮೆಯವರನ್ನು ಬೈದು ಪ್ರಯೋಜನವಿಲ್ಲ. ಪ್ರತಿ ಸುತ್ತಿಗೂ ಬೇರೆ ಬೇರೆ ಡಿಸ್ಚಾರ್ಜ್ ಸಮರಿ ಪಡೆಯಿರಿ. ಮನೆಗೆ ಕೊಟ್ಟ ಗುಳಿಗೆಗಳ ಹೆಸರು, ಪ್ರಮಾಣ ಮತ್ತು ದಿನಗಳು ಅದರಲ್ಲಿಯೇ ಬರೆದಿರುವಂತೆ ನೋಡಿಕೊಳ್ಳಿ. ಬಿಲ್ಲಿನಲ್ಲಿ ತಾಯಿಯ ಹೆಸರು, ವೈದ್ಯರ ಹೆಸರು, ದಿನಾಂಕ, ಬ್ಯಾಚ್ ಸಂಖ್ಯೆ ಇರಲಿ. ಬಿಡುಗಡೆಯ ನಂತರದ ಖರ್ಚಿನ ಅರ್ಜಿಯನ್ನು ಆ ಚಿಕಿತ್ಸೆ ಮುಗಿದ 15 ದಿನಗಳೊಳಗೆ ಸಲ್ಲಿಸಬೇಕೆಂದು ಈ ಪಾಲಿಸಿ ಹೇಳುತ್ತದೆ. ಮೊದಲ ಸುತ್ತಿನ ಬಿಲ್ಲು ನಿಮ್ಮಲ್ಲಿದ್ದರೆ ಅದನ್ನೂ ಹಾಕಿ. ಕಂಪನಿಯವರು ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಮೊದಲು ಅವರದೇ ದೂರು ಅಧಿಕಾರಿಗೆ ಬರೆಯಿರಿ. ಪ್ರಾಧಿಕಾರದ ಬಿಮಾ ಭರೋಸಾ ವ್ಯವಸ್ಥೆಯಲ್ಲಿ 155255 ಸಂಖ್ಯೆಗೆ ಕರೆ ಮಾಡಿಯೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮೆಯ ದೂರುಗಳನ್ನು ವಿಚಾರಿಸುವ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಅರ್ಜಿ ಕಳುಹಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಇಷ್ಟು ಹೇಳಿದ ಮೇಲೆ, ನಿಮ್ಮ ಸ್ಥಾನದಲ್ಲಿದ್ದರೆ ನಾನು ಗುಳಿಗೆಯ ಕ್ಲೇಮಿನ ಹಿಂದೆ ಬೀಳುವ ಮೊದಲು ಬೇರೊಂದು ಲೆಕ್ಕ ಹಾಕುತ್ತಿದ್ದೆ. ಮೂರು ಲಕ್ಷ ಎಂಬುದು ಇಡೀ ವರ್ಷದ ಮಿತಿ. ಇನ್ನೂ ಕಿಮೋ ಬಾಕಿಯಿದೆ, ಶಸ್ತ್ರಚಿಕಿತ್ಸೆಯೋ ವಿಕಿರಣವೋ ಬೇಕಾಗಬಹುದು. ಗುಳಿಗೆಗೆಂದು ಪಡೆದ ಪ್ರತಿ ರೂಪಾಯಿಯೂ ಆ ಮಿತಿಯಿಂದಲೇ ಕಳೆಯುತ್ತದೆ. ಗುಳಿಗೆ ಬಿಟ್ಟದ್ದರಿಂದ ಸಲೈನಿಗಾಗಿ ಸೇರಿಸಿದ ಆ ಖರ್ಚನ್ನು ವಿಮೆ ಕೊಟ್ಟಿದ್ದರೆ ಅದೂ ಅದರಿಂದಲೇ ಹೋಗಿದೆ. ಆದ್ದರಿಂದ ವಿಮೆಯನ್ನು ದೊಡ್ಡ ಖರ್ಚಿಗೆ ಉಳಿಸಿಕೊಂಡು, ವಾಂತಿಯ ಚೀಟಿಯನ್ನೇ ಹಗುರ ಮಾಡಿಸಿಕೊಳ್ಳುವುದು ಜಾಣತನ. ಅದು ಹೇಗೆಂಬುದನ್ನು ಈಗ ಹೇಳುತ್ತೇನೆ. ಆದರೆ ಕೆಳಗೆ ಬರುವ ಯಾವ ಬದಲಾವಣೆಯನ್ನೂ ನೀವಾಗಿ ಮಾಡಿಕೊಳ್ಳಬಾರದು. ನಾನು ವೈದ್ಯನಲ್ಲ, ಫಾರ್ಮಾಸಿಸ್ಟ್. ಈ ಹತ್ತು ದಿನಗಳೊಳಗೆ ಒಮ್ಮೆ ಚೀಟಿ ಹಿಡಿದು ಕ್ಯಾನ್ಸರ್ ವೈದ್ಯರ ಬಳಿಗೆ ಹೋಗಿ, ಕಿಮೋದ ದಿನದ ಗಡಿಬಿಡಿಯಲ್ಲಲ್ಲ, ‘ಡಾಕ್ಟರ್ ಸಾಹೇಬ್ರ, ಕೈಯಿಂದ ಕೊಡೋದು ನಮಗ ಆಗವಲ್ದು, ಇದರಾಗ ಏನು ಬದಲಿ ಮಾಡಬಹುದು’ ಎಂದು ಮುಚ್ಚುಮರೆಯಿಲ್ಲದೆ ಕೇಳಿ. ಕೇಳದೆ ಗುಳಿಗೆ ಬಿಡುವವರಿಗಿಂತ ಕೇಳುವವರನ್ನೇ ವೈದ್ಯರು ಮೆಚ್ಚುತ್ತಾರೆ.

ನೀವು ಬಿಟ್ಟ ಮೂರು ಗುಳಿಗೆಗಳ ಪೊಟ್ಟಣ ಅಪ್ರೆಪಿಟಂಟ್ ಇರಬೇಕು. ಮೊದಲ ದಿನ 125 ಮಿಲಿಗ್ರಾಮಿನದೊಂದು, ಮುಂದಿನ ಎರಡು ದಿನ 80 ಮಿಲಿಗ್ರಾಮಿನವು. ಇದೇ ಔಷಧಿಯ ಇಂಜೆಕ್ಷನ್ ರೂಪಕ್ಕೆ ಫೋಸ್‌ಅಪ್ರೆಪಿಟಂಟ್ ಎಂದು ಹೆಸರು. ಅದರ 150 ಮಿಲಿಗ್ರಾಮನ್ನು ಕಿಮೋದ ದಿನ ಸಲೈನಿನಲ್ಲಿ ಒಮ್ಮೆ ಕೊಟ್ಟರೆ ಮೂರು ದಿನಗಳ ಗುಳಿಗೆಯ ಕೆಲಸ ಆಗಿಹೋಗುತ್ತದೆ. ಇದರಲ್ಲಿ ನಿಮಗೆ ಎರಡು ಉಪಯೋಗಗಳಿವೆ. ಇಂಜೆಕ್ಷನ್ ಆ ದಿನದ ಬಿಲ್ಲಿನೊಳಗೆ ಬರುವುದರಿಂದ ನಗದುರಹಿತ ವ್ಯವಸ್ಥೆಯಲ್ಲೇ ಸೇರುತ್ತದೆ, ನಿಮ್ಮ ಕೈಯಿಂದ ಒಮ್ಮೆಲೇ ಹಣ ಹೋಗುವುದಿಲ್ಲ. ಇನ್ನೊಂದು, ಬಿಲ್ಲಿನಲ್ಲಿ ಈಗಾಗಲೇ ಆ ಇಂಜೆಕ್ಷನ್ ಇದ್ದು ಮನೆಗೆ ಗುಳಿಗೆಯನ್ನೂ ಬರೆದಿದ್ದಾರೆಯೇ ನೋಡಿ. ಸಿದ್ಧ ಚೀಟಿಗಳನ್ನು ಮುದ್ರಿಸಿಕೊಡುವ ಕಡೆಗಳಲ್ಲಿ ಒಂದೇ ಔಷಧಿ ಎರಡು ಸಲ ಉಳಿದುಬಿಡುವುದುಂಟು. ಹಾಗೆಯೇ ಕಿಮೋದ ದಿನ, ಸೆರೊಟೋನಿನ್ನಿನ ಹಾದಿಯನ್ನು ತಡೆಯುವ ಪಲೊನೊಸೆಟ್ರಾನ್ ಇಂಜೆಕ್ಷನ್ ಕೊಟ್ಟಿದ್ದರೆ ಅದರ ಪ್ರಭಾವ ಮೈಯಲ್ಲಿ ಹಲವು ದಿನ ಇರುತ್ತದೆ. ಮರುದಿನದಿಂದಲೇ ಅದೇ ಜಾತಿಯ ಒಂಡಾನ್ಸೆಟ್ರಾನ್ ಗುಳಿಗೆಯನ್ನು ದಿನಕ್ಕೆ ಮೂರು ಸಲ ನುಂಗುವುದರಿಂದ ವಾಂತಿ ಇನ್ನಷ್ಟು ಕಡಿಮೆಯಾಗುವುದಕ್ಕಿಂತ ಮಲಬದ್ಧತೆ ಮತ್ತು ತಲೆನೋವು ಹೆಚ್ಚುವುದೇ ಸಾಮಾನ್ಯ. ಅದು ಬೇಕೇ ಎಂದು ಕೇಳಿ.

ಓಲಾಂಜಪಿನ್ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕಾಗಿದೆ. ಅಂಗಡಿಯವರು ಸುಳ್ಳು ಹೇಳಲಿಲ್ಲ, ಆದರೆ ಹೇಳಬಾರದ ರೀತಿಯಲ್ಲಿ ಹೇಳಿದರು. ಅದು ಮನೋರೋಗಗಳಿಗಾಗಿ ಬಂದ ಔಷಧಿ ಹೌದು. ಅದು ಮಿದುಳಿನಲ್ಲಿ ಡೋಪಮಿನ್, ಸೆರೊಟೋನಿನ್ ಮುಂತಾದ ಹಲವು ವಸ್ತುಗಳ ಹಾದಿಯನ್ನು ಒಟ್ಟಿಗೆ ತಡೆಯುವುದರಿಂದ ವಾಂತಿಗಿಂತಲೂ ಓಕರಿಕೆಯನ್ನು, ಅಂದರೆ ಹೊಟ್ಟೆ ತೊಳಸುವ ಆ ಎಡೆಬಿಡದ ಸಂಕಟವನ್ನು ಚೆನ್ನಾಗಿ ಹಿಡಿದು ನಿಲ್ಲಿಸುತ್ತದೆ. ಒಂಡಾನ್ಸೆಟ್ರಾನ್ ಸೋಲುವುದು ಅಲ್ಲಿಯೇ. ಉಳಿದ ಮೂರು ಔಷಧಿಗಳ ಜೊತೆಗೆ ಇದನ್ನು ನಾಲ್ಕು ದಿನ ಕೊಟ್ಟಾಗ ಓಕರಿಕೆಯೇ ಇಲ್ಲದವರ ಸಂಖ್ಯೆ ಹೆಚ್ಚಾಯಿತೆಂದು 2016ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು. ಅಲ್ಲಿ ಕೊಟ್ಟದ್ದು 10 ಮಿಲಿಗ್ರಾಮ್, ಅದರಿಂದ ಹಗಲಿನಲ್ಲೂ ಮಂಪರು ಬರುತ್ತಿತ್ತು. ನಂತರ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಮ್ಮ ತಾಯಿಗೆ ಕೊಡುತ್ತಿರುವಂಥ ಕಿಮೋ ಪಡೆದವರಿಗೆ 2.5 ಮಿಲಿಗ್ರಾಮ್ ಕೂಡ 10 ಮಿಲಿಗ್ರಾಮಿನಷ್ಟೇ ಕೆಲಸ ಮಾಡಿತು, ಮಂಪರು ಮಾತ್ರ ಬಹಳ ಕಡಿಮೆಯಾಯಿತು. ನಮ್ಮ ದೇಶದ ರೋಗಿಗಳ ಮೇಲೆ, ನಮ್ಮ ದೇಶದ ವೈದ್ಯರು ಮಾಡಿದ ಈ ಕೆಲಸಕ್ಕೆ ಸಿಗಬೇಕಾದಷ್ಟು ಪ್ರಚಾರ ನಮ್ಮ ಕಡೆಯ ಔಷಧಿ ಅಂಗಡಿಗಳಲ್ಲಿ ಇನ್ನೂ ಸಿಕ್ಕಿಲ್ಲ ಎಂಬುದು ನನ್ನ ಕೊರಗು. ಚೀಟಿಯಲ್ಲಿರುವ ಗುಳಿಗೆಗಳಲ್ಲೆಲ್ಲ ಬಹುಶಃ ಇದೇ ಅತಿ ಅಗ್ಗದ್ದು, ಗುಳಿಗೆಗೆ ಕೆಲವೇ ರೂಪಾಯಿ. ರಾತ್ರಿ ಮಲಗುವಾಗ ಕೊಡಿ. ತಾಯಿ ರಾತ್ರಿ ಎದ್ದು ಹೊರಗೆ ಹೋಗುವುದಿದ್ದರೆ ಯಾರಾದರೂ ಜೊತೆಗಿರಲಿ, ಫಕ್ಕನೆ ಎದ್ದರೆ ತಲೆ ತಿರುಗಬಹುದು. ಓಲಾಂಜಪಿನ್ ನಡೆಯುತ್ತಿರುವಾಗ ಮೆಟೊಕ್ಲೊಪ್ರಮೈಡ್ ಗುಳಿಗೆಯನ್ನೋ ಇಂಜೆಕ್ಷನನ್ನೋ ಊರಿನ ವೈದ್ಯರಿಂದ ಬೇರೆಯಾಗಿ ಹಾಕಿಸಬೇಡಿ. ಎರಡೂ ಒಂದೇ ಹಾದಿಯನ್ನು ತಡೆಯುವಂಥವಾದ್ದರಿಂದ ಕೈಕಾಲು ಸೆಟೆಯುವುದು, ಕುತ್ತಿಗೆ ಹೊರಳುವುದು ಆಗಬಹುದು.

ನಾಲ್ಕನೆಯ ಬಗೆಯ ಔಷಧಿ ಡೆಕ್ಸಮೆಥಾಸೋನ್ ಎಂಬ ಸ್ಟೀರಾಯ್ಡ್. ಅದೂ ಅಗ್ಗ, ಅದೂ ಪರಿಣಾಮಕಾರಿ, ಆದರೆ ಸಕ್ಕರೆಯನ್ನು ಏರಿಸುತ್ತದೆ. ನಿಮ್ಮ ತಾಯಿಗೆ ಅದು ಎಷ್ಟು ದಿನ ಬೇಕು, ಮೊದಲ ದಿನಕ್ಕಷ್ಟೇ ನಿಲ್ಲಿಸಬಹುದೇ ಎಂಬುದು ವೈದ್ಯರು ತೀರ್ಮಾನಿಸಬೇಕಾದ ವಿಷಯ. ಕೊಡುವುದಾದರೆ ಬೆಳಿಗ್ಗೆ ಊಟದ ನಂತರ ಕೊಡಿ, ಸಂಜೆ ಕೊಟ್ಟರೆ ನಿದ್ದೆ ಬಾರದು. ಆ ದಿನಗಳಲ್ಲಿ ಸಕ್ಕರೆ ಪರೀಕ್ಷಿಸುತ್ತಿರಿ, ಮತ್ತು ಏನೂ ಉಣ್ಣದ ದಿನ ಸಕ್ಕರೆಯ ಗುಳಿಗೆಯನ್ನು ಏನು ಮಾಡಬೇಕೆಂದು ಮೊದಲೇ ಕೇಳಿಟ್ಟುಕೊಳ್ಳಿ.

ಕೆಂಪು ಔಷಧಿ, ಅಂದರೆ ಡಾಕ್ಸೊರುಬಿಸಿನ್, ಸೈಕ್ಲೊಫಾಸ್ಫಮೈಡ್ ಜೊತೆ ಸೇರಿದಾಗ ಅತಿ ಹೆಚ್ಚು ವಾಂತಿ ತರಿಸುವ ಗುಂಪಿಗೆ ಸೇರುತ್ತದೆ; ಆದ್ದರಿಂದ ಉಳಿದ ಎರಡು ಸುತ್ತುಗಳಲ್ಲಿ ಜಿಪುಣತನ ಬೇಡ. ಆಮೇಲೆ ಕೊಡುವ ಬೇರೆ ಔಷಧಿ ಪ್ಯಾಕ್ಲಿಟ್ಯಾಕ್ಸೆಲ್ ಅಥವಾ ಡೋಸಿಟ್ಯಾಕ್ಸೆಲ್ ಆಗಿದ್ದರೆ ಅವು ಕಡಿಮೆ ವಾಂತಿ ತರಿಸುವ ಗುಂಪಿನವು. ಆಗ ಅಪ್ರೆಪಿಟಂಟ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಹಳೆಯ ಚೀಟಿಯೇ ಮುಂದುವರಿದರೆ ಆ ದಿನ ನೆನಪಿಸಿ.

ಕೊಳ್ಳುವುದೆಲ್ಲಿ ಎಂಬುದಕ್ಕೆ ಬರೋಣ. 1945ರ ಔಷಧ ನಿಯಮಗಳ ಪ್ರಕಾರ, ಶೆಡ್ಯೂಲ್ ಎಚ್, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಯ ಚೀಟಿಯಲ್ಲಿ ಒಂದು ಕಂಪನಿಯ ಹೆಸರಿದ್ದರೆ ಅಂಗಡಿಯವರು ಅದರ ಬದಲಿಗೆ ಇನ್ನೊಂದನ್ನು ತಾವಾಗಿ ಕೊಡುವಂತಿಲ್ಲ. ‘ಅಗ್ಗದ್ದು ಕೊಡ್ರಿ’ ಎಂದು ಅಂಗಡಿಯಲ್ಲಿ ಬೇಡಿಕೊಳ್ಳುವ ಬದಲು, ಔಷಧಿಯ ಮೂಲ ಹೆಸರನ್ನೇ ದೊಡ್ಡ ಅಕ್ಷರಗಳಲ್ಲಿ ಬರೆದುಕೊಡಿ ಎಂದು ವೈದ್ಯರಲ್ಲಿ ಕೇಳಿ. ಆ ಚೀಟಿಯೊಡನೆ, ಕೇಂದ್ರ ಸರ್ಕಾರದ ಯೋಜನೆಯ ಅಗ್ಗದ ಔಷಧಿ ಅಂಗಡಿಯಾದ ಜನೌಷಧಿ ಕೇಂದ್ರಕ್ಕೆ ಹೋಗಿ. ಅಲ್ಲಿಯ ಬೆಲೆ ಮಾರುಕಟ್ಟೆಯ ಮೊದಲ ಮೂರು ಬ್ರಾಂಡುಗಳ ಸರಾಸರಿಯ ಅರ್ಧಕ್ಕಿಂತ ಹೆಚ್ಚಿರಬಾರದೆಂಬುದು ಯೋಜನೆಯ ನಿಯಮ, ಅನೇಕ ಔಷಧಿಗಳಿಗೆ ಅದಕ್ಕಿಂತಲೂ ಬಹಳ ಕಡಿಮೆ. ಒಂಡಾನ್ಸೆಟ್ರಾನ್, ಓಲಾಂಜಪಿನ್, ಡೆಕ್ಸಮೆಥಾಸೋನ್ ಅವರ ಪಟ್ಟಿಯಲ್ಲಿರುವ ಸಾಮಾನ್ಯ ಔಷಧಿಗಳು. ಅಪ್ರೆಪಿಟಂಟ್ ಬೇಕಾದರೆ ಒಂದು ವಾರ ಮೊದಲೇ ವಿಚಾರಿಸಿ. ಜನೌಷಧಿ ಸುಗಮ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಹತ್ತಿರದ ಕೇಂದ್ರವೂ ಬೆಲೆಯೂ ಸಿಗುತ್ತವೆ. 2025ರ ಮೇ ತಿಂಗಳಲ್ಲಿ ಸರ್ಕಾರಿ ಆಸ್ಪತ್ರೆಗಳ ಆವರಣದೊಳಗಿನ ಕೇಂದ್ರಗಳನ್ನು ಮುಚ್ಚಲು ರಾಜ್ಯ ಸರ್ಕಾರ ಆದೇಶಿಸಿ ವಿಷಯ ಹೈಕೋರ್ಟಿಗೆ ಹೋಗಿತ್ತು. ಆಸ್ಪತ್ರೆಗಳ ಹೊರಗಿನ ಅಂಗಡಿಗಳಿಗೂ ಅದಕ್ಕೂ ಸಂಬಂಧವಿಲ್ಲ. ಖಾಸಗಿ ಅಂಗಡಿಯಲ್ಲೇ ಕೊಳ್ಳಬೇಕಾದರೆ ಫಾರ್ಮಾ ಸಹಿ ದಾಮ್ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಒಂದೇ ಔಷಧಿಯ ಬೇರೆ ಬೇರೆ ಬ್ರಾಂಡುಗಳ ಬೆಲೆಯನ್ನು ಹೋಲಿಸಿ ನೋಡಿ ಹೋಗಿ. ಒಂಡಾನ್ಸೆಟ್ರಾನ್ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿರುವುದರಿಂದ ಅದಕ್ಕೆ ಸರ್ಕಾರವೇ ಗರಿಷ್ಠ ಬೆಲೆ ಕಟ್ಟಿದೆ.

ಕೊನೆಯದಾಗಿ ಬರೆದರೂ ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ ಪಡಿತರ ಚೀಟಿ. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಸಿಗುತ್ತದೆ, ಕಿಮೋ ಅದರಲ್ಲಿ ಸೇರಿದೆ. ಆಯುಷ್ಮಾನ್ ಭಾರತದ ನಿಯಮದಂತೆ ಬಿಡುಗಡೆಯ ನಂತರದ 15 ದಿನಗಳ ಔಷಧಿಯೂ ಪ್ಯಾಕೇಜಿನೊಳಗೇ ಬರುತ್ತದೆ. ಕಿಮೋದ ವಾಂತಿ ಕಾಡುವ ಐದು ದಿನಗಳಿಗೆ ಅದು ಧಾರಾಳ. ಬಡವರ ದೊಡ್ಡ ಕಾಯಿಲೆಗಳಿಗೆ ಸರ್ಕಾರವೇ ಹಣ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಜಾರಿಗೆ ಬಂದದ್ದು ನಮ್ಮ ಆಗಿನ ಗುಲಬರ್ಗಾ ವಿಭಾಗದಲ್ಲಿಯೇ. ಇಂಥ ಯೋಜನೆಯನ್ನು ರಾಜ್ಯದಲ್ಲಿ ಎಲ್ಲರಿಗಿಂತ ಮೊದಲು ಕಂಡ ಊರಿನವರೇ ಚೀಟಿಯನ್ನು ಟ್ರಂಕಿನಲ್ಲಿಟ್ಟುಕೊಂಡು ಸಾಲ ಮಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಘಟಕವಿದೆ. ಪಡಿತರ ಚೀಟಿ, ಆಧಾರ್, ಇದುವರೆಗಿನ ಎಲ್ಲ ವರದಿಗಳನ್ನು ಹಿಡಿದು ಅಲ್ಲಿಗೊಮ್ಮೆ ಹೋಗಿ, ಉಳಿದ ಸುತ್ತುಗಳನ್ನು ಅಲ್ಲಿಯೇ ಮುಂದುವರಿಸಬಹುದೇ ಕೇಳಿ. ಈಗಿನ ಆಸ್ಪತ್ರೆಯೂ ಯೋಜನೆಯಲ್ಲಿ ನೋಂದಾಯಿತವಾಗಿದ್ದರೆ, ಯೋಜನೆಯ ಬಗ್ಗೆ ರೋಗಿಗಳಿಗೆ ನೆರವಾಗಲು ಅಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಆದರೆ ಆಸ್ಪತ್ರೆ ಬದಲಿಸುವ ಓಡಾಟದಲ್ಲಿ ಮುಂದಿನ ಸುತ್ತಿನ ದಿನ ಮಾತ್ರ ತಪ್ಪಬಾರದು.

ಮನೆಯಲ್ಲಿ ಒಗ್ಗರಣೆಯ ಹೊಗೆಯಿಂದ ತಾಯಿಯನ್ನು ದೂರವಿಡಿ. ಬಿಸಿ ರೊಟ್ಟಿ, ಪುಂಡಿಪಲ್ಯಕ್ಕಿಂತ ಆರಿದ ಜೋಳದ ನುಚ್ಚು, ತೆಳು ಮಜ್ಜಿಗೆ, ತೊಗರಿಬೇಳೆಯ ಕಟ್ಟು ಸ್ವಲ್ಪ ಸ್ವಲ್ಪವಾಗಿ ಆಗಾಗ ಕೊಡಿ. ಗುಳಿಗೆಗಳನ್ನೆಲ್ಲ ಕೊಟ್ಟ ಮೇಲೂ ಒಂದು ದಿನ ಪೂರ್ತಿ ನೀರು ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಮಾತು ತಡವರಿಸಿದರೆ ಮರುದಿನದವರೆಗೆ ಕಾಯಬೇಡಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರಂತೂ, ವಾಂತಿ ಇರಲಿ ಇಲ್ಲದಿರಲಿ, ಅಪರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು.

ಪ್ರಶ್ನೆ: ನಾನು ಎರಡು ತಿಂಗಳ ಗರ್ಭಿಣಿ. ಬೆಳಿಗ್ಗೆಯಿಂದ ಸಂಜೆಯವರೆಗೆ ವಾಂತಿ. ಪತಿಯ ಕಂಪನಿಯ ವಿಮೆಯಿಂದ ಹಣ ಬರಬಹುದೆಂದು ಬೀದರಿನಲ್ಲಿ ತೋರಿಸಿಕೊಂಡು ಬಂದ ಚೀಟಿ ಮತ್ತು ಔಷಧಿ ಬಿಲ್ಲನ್ನು ಕಳುಹಿಸಿದೆವು, ಹೊರರೋಗಿ ಚಿಕಿತ್ಸೆಗೆ ಅವಕಾಶವಿಲ್ಲ ಎಂದು ಮರಳಿಸಿದರು. ಮೆಡಿಕಲ್‌ನಲ್ಲಿ ಪ್ರತಿ ವಾರವೂ ಗುಳಿಗೆ ಕೊಳ್ಳುವುದು ಕಷ್ಟವಾಗಿದೆ. ಅತ್ತೆಯವರು ಗರ್ಭಿಣಿ ಗುಳಿಗೆ ನುಂಗಲೇಬಾರದು ಎನ್ನುತ್ತಾರೆ.

ಓದುಗರೊಬ್ಬರು, ಭಾಲ್ಕಿ

ಉತ್ತರ: ವಿಮೆಯವರು ಮರಳಿಸಿದ್ದು ಈ ಸಲ ಸರಿಯಾಗಿಯೇ ಇದೆ, ಏಕೆಂದರೆ ಆಳಂದದ ತಾಯಿಯ ಹಾಗೆ ನೀವು ಆಸ್ಪತ್ರೆಗೆ ಸೇರಿರಲಿಲ್ಲ. ಇನ್ನೊಂದು ಮಾತು: ಹೆರಿಗೆಯ ಸೌಲಭ್ಯವನ್ನು ಬೇರೆಯಾಗಿ ಸೇರಿಸದ ಪಾಲಿಸಿಗಳಲ್ಲಿ, ಗರ್ಭಕೋಶದ ಹೊರಗೆ ಗರ್ಭ ನಿಂತ ಸಂದರ್ಭವೊಂದನ್ನು ಬಿಟ್ಟರೆ, ಹೆರಿಗೆಗೆ ಸಂಬಂಧಿಸಿದ ಖರ್ಚನ್ನು ಹೊರಗಿಡುವುದು ರೂಢಿ. ಆದರೂ ಕಂಪನಿಯ ಗುಂಪು ವಿಮೆಗಳಲ್ಲಿ ಹೆರಿಗೆಯ ಸೌಲಭ್ಯ ಇರುವುದುಂಟು. ಆದ್ದರಿಂದ ವಾಂತಿ ಹೆಚ್ಚಾಗಿ ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ಅದಕ್ಕೆ ಹಣ ಬರುತ್ತದೆಯೇ ಎಂಬುದನ್ನು ನಿಮ್ಮ ಪತಿ ತಮ್ಮ ಕಚೇರಿಯಲ್ಲಿ ಈಗಲೇ ಕೇಳಿಟ್ಟುಕೊಳ್ಳಲಿ.

ನಿಮಗೆ ವಿಮೆಗಿಂತ ಹತ್ತಿರದ ದಾರಿ ನಿಮ್ಮೂರಿನ ಸರ್ಕಾರಿ ಆಸ್ಪತ್ರೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಗೆ ಬರುವ ಗರ್ಭಿಣಿಗೆ ಔಷಧಿ, ತಪಾಸಣೆ ಎಲ್ಲವೂ ಉಚಿತ. ಬಿಪಿಎಲ್ ಚೀಟಿ ಇರಲೇಬೇಕೆಂಬ ಷರತ್ತೂ ಇಲ್ಲ. ಪ್ರತಿ ತಿಂಗಳ 9ನೇ ತಾರೀಖು ಗರ್ಭಿಣಿಯರ ತಪಾಸಣೆಗೆಂದೇ ಮೀಸಲಾದ ದಿನ. ತಾಯಿ ಕಾರ್ಡ್ ಮಾಡಿಸಿಕೊಂಡು ಆಶಾ ಕಾರ್ಯಕರ್ತೆಯವರ ಜೊತೆ ಹೋದರೆ ಚೀಟಿ ಮತ್ತು ಗುಳಿಗೆ ಎರಡೂ ಅಲ್ಲಿಯೇ ಸಿಗಬೇಕು. ಯಾವುದಾದರೂ ಗುಳಿಗೆ ದಾಸ್ತಾನಿಲ್ಲವೆಂದರೆ ಅದರ ಮೂಲ ಹೆಸರನ್ನು ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ಕೇಳಿ.

ಅತ್ತೆಯವರ ಅಂಜಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ, ಬಸುರಿಯಲ್ಲಿ ಕಂಡ ಕಂಡ ಗುಳಿಗೆ ನುಂಗಬಾರದೆಂಬುದು ಒಳ್ಳೆಯ ನಿಯಮವೇ. ಆದರೆ ಡಾಕ್ಸಿಲಮೈನ್ ಮತ್ತು ಪಿರಿಡಾಕ್ಸಿನ್, ಅಂದರೆ ಬಿ6 ಜೀವಸತ್ವ, ಸೇರಿದ ಗುಳಿಗೆಯನ್ನು ದಶಕಗಳಿಂದ ಲಕ್ಷಾಂತರ ಗರ್ಭಿಣಿಯರು ತೆಗೆದುಕೊಂಡಿದ್ದಾರೆ, ಮಗುವಿಗೆ ತೊಂದರೆಯಾದದ್ದು ಅಧ್ಯಯನಗಳಲ್ಲಿ ಕಂಡಿಲ್ಲ. ಅದನ್ನು ಸಾಮಾನ್ಯವಾಗಿ ರಾತ್ರಿಯೇ ಕೊಡುತ್ತಾರೆ, ಮರುದಿನ ಬೆಳಗಿನ ವಾಂತಿಗೆ ಅದು ಕೆಲಸ ಮಾಡಬೇಕಾದ್ದರಿಂದ. ಬೆಳಿಗ್ಗೆ ವಾಂತಿ ಶುರುವಾದ ಮೇಲೆ ನುಂಗಿ, ಗುಳಿಗೆ ಹತ್ತಲಿಲ್ಲ ಎಂದು ಇನ್ನೂ ದುಬಾರಿಯದನ್ನು ಬರೆಸಿಕೊಳ್ಳುವವರು ಬಹಳ ಮಂದಿ. ನೀವು ಯಾವ ಹೊತ್ತಿಗೆ ನುಂಗುತ್ತಿದ್ದೀರಿ ಎಂಬುದನ್ನು ಪತ್ರದಲ್ಲಿ ಬರೆದಿಲ್ಲ. ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಒಂಡಾನ್ಸೆಟ್ರಾನನ್ನು ಈ ಮೊದಲ ಮೂರು ತಿಂಗಳಲ್ಲಿ ವೈದ್ಯರು ಹೇಳದೆ ಅಂಗಡಿಯಿಂದ ತರಿಸಬೇಡಿ. ತೂಕ ಇಳಿಯುತ್ತಿದ್ದರೆ ಅಥವಾ ದಿನವಿಡೀ ಮೂತ್ರವೇ ಬಾರದಿದ್ದರೆ ಅದು ಬಸುರಿಯ ಸಹಜ ವಾಂತಿಯಲ್ಲ. ಸೇರಿಸಿ ಸಲೈನ್ ಕೊಡಬೇಕಾಗುತ್ತದೆ, ಬೀದರಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಅದು ಉಚಿತ.

ಪ್ರಶ್ನೆ: ಅಪ್ಪನ ಕಿಮೋಗೆ ಜನೌಷಧಿಯಿಂದ ಒಂಡಾನ್ಸೆಟ್ರಾನ್ ತಂದೆ. ನಮ್ಮ ಓಣಿಯ ಮೆಡಿಕಲ್‌ನವರು ಅದು ಕಡಿಮೆ ದರ್ಜೆಯದು, ಅದಕ್ಕೇ ವಾಂತಿ ನಿಲ್ಲುತ್ತಿಲ್ಲ ಎನ್ನುತ್ತಾರೆ. ನಿಜವೇ?

ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಜನೌಷಧಿಯ ಪ್ರತಿಯೊಂದು ಬ್ಯಾಚನ್ನೂ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮೇಲೆಯೇ ಕೇಂದ್ರಗಳಿಗೆ ಕಳುಹಿಸುತ್ತಾರೆ. ಅದೇ ಔಷಧಿಯನ್ನು ಹೆಚ್ಚು ಬೆಲೆಗೆ ಮಾರುವವರ ಮಾತನ್ನು ನಾನಾದರೆ ಅಷ್ಟಕ್ಕಷ್ಟೇ ನಂಬುತ್ತೇನೆ. ಯಾವ ಔಷಧಿಯಲ್ಲೂ ದೋಷವೇ ಇರುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ದುಬಾರಿ ಬ್ರಾಂಡಿನ ಬ್ಯಾಚುಗಳೂ ಪರೀಕ್ಷೆಯಲ್ಲಿ ಸೋತದ್ದುಂಟು. ನಿಮ್ಮ ತಂದೆಯ ವಾಂತಿ ಯಾವ ದಿನ ಬರುತ್ತಿದೆ ಎಂಬುದನ್ನು ಬರೆದಿಡಿ. ಮೊದಲ ದಿನ ಚೆನ್ನಾಗಿದ್ದು ಮೂರನೆಯ ದಿನ ಹೆಚ್ಚಾಗುತ್ತಿದ್ದರೆ, ಗುಳಿಗೆಯ ದರ್ಜೆ ಅದಕ್ಕೆ ಕಾರಣವಲ್ಲ. ಆ ಹೊತ್ತಿನ ವಾಂತಿಗೆ ಒಂಡಾನ್ಸೆಟ್ರಾನ್ ಒಂದೇ ಸಾಲುವುದಿಲ್ಲ, ಯಾವ ಕಂಪನಿಯದನ್ನು ತಂದರೂ ಅಷ್ಟೇ. ಆಳಂದದ ಓದುಗರಿಗೆ ಓಲಾಂಜಪಿನ್ ಬಗ್ಗೆ ಬರೆದದ್ದನ್ನು ನಿಮ್ಮ ವೈದ್ಯರಿಗೆ ತೋರಿಸಿ ಕೇಳಿ.

ನುಂಗಿದ ಅರ್ಧ ಗಂಟೆಯೊಳಗೆ ಗುಳಿಗೆ ವಾಂತಿಯಲ್ಲಿ ಹೊರಗೆ ಬರುತ್ತಿದ್ದರೆ, ಬಾಯಲ್ಲೇ ಕರಗುವ ಒಂಡಾನ್ಸೆಟ್ರಾನ್ ಬರೆಸಿಕೊಳ್ಳಿ. ಅದು ಜನೌಷಧಿಯಲ್ಲೂ ಇದೆ, ನೀರು ಬೇಕಿಲ್ಲ, ಒಣಗಿದ ಕೈಯಿಂದ ತೆಗೆದು ನಾಲಿಗೆಯ ಮೇಲಿಟ್ಟರೆ ಸಾಕು. ತಂದೆಯವರಿಗೆ ಹೃದಯದ ತೊಂದರೆ ಇದ್ದು ಬೇರೆ ಗುಳಿಗೆಗಳು ನಡೆಯುತ್ತಿದ್ದರೆ ಅವುಗಳ ಚೀಟಿಯನ್ನೂ ಕಿಮೋದ ವೈದ್ಯರಿಗೆ ತೋರಿಸಿ. ಒಂಡಾನ್ಸೆಟ್ರಾನ್ ಕೆಲವರಲ್ಲಿ ಹೃದಯದ ಬಡಿತದ ಲಯವನ್ನು ಏರುಪೇರು ಮಾಡುವುದರಿಂದ ಮೊದಲು ಇಸಿಜಿ ತೆಗೆಸಬೇಕೇ ಎಂದು ಅವರು ನೋಡುತ್ತಾರೆ.